ಗಾಜಿನ ತೊಟ್ಟಿಗೆ ಕಡಲನ್ನು ತಂದ ಫಿಲಿಪ್ ಹೆನ್ರಿ ಗಾಸ್

ನಿಮ್ಮ ಅಜ್ಜ ಅಜ್ಜಿಯರು ಅ ಆ ಇ ಈ ತಿದ್ದಿದ್ದು ಕಪ್ಪು ಸ್ಲೇಟಿನ ಮೇಲೆ, ಬಳಪದಿಂದ. ಉತ್ತರ ಕರ್ನಾಟಕದವರು ಅದನ್ನೇ ಪಾಟಿ ಎನ್ನುತ್ತಾರೆ. ಸ್ಲೇಟು ಎಂಬುದು ಒಂದು ಕಲ್ಲಿನ ಹೆಸರು. ಕೋಟ್ಯಂತರ ವರ್ಷಗಳ ಹಿಂದೆ ನೀರಿನ ತಳದಲ್ಲಿ ಕೂತ ನುಣ್ಣನೆಯ ಕೆಸರು ಭೂಮಿಯೊಳಗಿನ ಒತ್ತಡಕ್ಕೂ ಕಾವಿಗೂ ಸಿಕ್ಕಿ ಗಟ್ಟಿಯಾದಾಗ, ಹಾಳೆ ಹಾಳೆಯಾಗಿ ಸೀಳಿಕೊಳ್ಳುವ ಈ ಕಲ್ಲು ಸಿದ್ಧವಾಗುತ್ತದೆ. ಇಂದು ಅಕ್ವೇರಿಯಂನಲ್ಲಿ ಮೀನಿಗೆ ಗವಿ ಕಟ್ಟಲು, ಗಾಜಿನೊಳಗಿನ ಪುಟ್ಟ ತೋಟವಾದ ಟೆರೇರಿಯಂನಲ್ಲಿ ಮೆಟ್ಟಿಲು ಮಾಡಲು ಇದನ್ನು ಬಳಸುತ್ತಾರೆ. ಈ ಹವ್ಯಾಸವನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಮುಖ್ಯರಾದ ಫಿಲಿಪ್ ಹೆನ್ರಿ ಗಾಸ್ ಅವರ ಜೀವನವನ್ನು ಇಲ್ಲಿ ಹೇಳಬಯಸುತ್ತೇವೆ.

ಗಾಸ್ ಅವರು 1810ರ ಏಪ್ರಿಲ್ 6ರಂದು ಇಂಗ್ಲೆಂಡಿನ ವೂಸ್ಟರ್‌ನಲ್ಲಿ ಜನಿಸಿದರು. ತಂದೆ ಊರೂರು ಅಲೆದು ಪುಟ್ಟ ಭಾವಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದರು. ಮನೆಯಲ್ಲಿ ಬಡತನವಿತ್ತು. ಬಾಲಕನಿಗೆ ತಂದೆಯಿಂದ ಕುಂಚದ ಕೈ ಬಂತು. ಪೂಲ್ ಎಂಬ ಬಂದರಿನಲ್ಲಿದ್ದ ಸೋದರತ್ತೆ ಕಡಲಿನ ಹೂವಿನಂತೆ ಕಾಣುವ ಸೀ ಅನಿಮೋನ್ ಎಂಬ ಜೀವಿಯನ್ನು ತೋರಿಸಿಕೊಟ್ಟರು. ಒಬ್ಬ ಅತ್ತೆ ತೋರಿಸಿದ ಒಂದು ಜೀವಿ ಒಬ್ಬನ ಬಾಳನ್ನು ಎಲ್ಲಿಗೆ ಒಯ್ದಿತು ನೋಡಿ!

17ನೇ ವಯಸ್ಸಿನಲ್ಲಿ ಅವರು ನ್ಯೂಫೌಂಡ್‌ಲ್ಯಾಂಡ್‌ಗೆ ಗುಮಾಸ್ತರಾಗಿ ಹಡಗು ಹತ್ತಿದರು. ಅಲ್ಲಿ ಸೂಕ್ಷ್ಮದರ್ಶಕದ ಮೇಲಿನ ಒಂದು ಹಳೆಯ ಪುಸ್ತಕ ಕೊಂಡು ಓದಿ, ಕೀಟಗಳನ್ನು ಸಂಗ್ರಹಿಸತೊಡಗಿದರು. ಬಳಿಕ ಕೆನಡಾದಲ್ಲಿ ಬೇಸಾಯಕ್ಕೆ ಇಳಿದರು, ಅದು ಕೈಹತ್ತಲಿಲ್ಲ. 1838ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಶಾಲಾ ಮಾಸ್ತರರಾದರು. ಅಲ್ಲಿನ ಗುಲಾಮಗಿರಿಯ ಕ್ರೌರ್ಯವನ್ನು ಕಣ್ಣಾರೆ ಕಂಡು ಸಹಿಸಲಾರದೆ, ಒಂದು ವರ್ಷವೂ ತುಂಬುವ ಮೊದಲೇ ಹೊರಟುಬಂದರು. ಊರು ಬಿಟ್ಟು ಪರದೇಶದಲ್ಲಿ ನೆಲೆ ಹುಡುಕುವ ಕಷ್ಟ ನಮ್ಮ ಅನೇಕ ಕುಟುಂಬಗಳಿಗೆ ಗೊತ್ತು. ಗಾಸ್ ಅವರಿಗಂತೂ ಮೂರು ಕಡೆ ಪ್ರಯತ್ನಿಸಿದರೂ ನೆಲೆ ದೊರೆಯಲಿಲ್ಲ.

1844ರಿಂದ 1846ರವರೆಗೆ ಅವರು ಜಮೈಕಾದಲ್ಲಿದ್ದು ಪಕ್ಷಿಗಳನ್ನು ಅಧ್ಯಯನ ಮಾಡಿದರು. ಸ್ಯಾಮ್ಯುಯೆಲ್ ಕ್ಯಾಂಪ್‌ಬೆಲ್ ಎಂಬ ಕಪ್ಪುವರ್ಣದ ಯುವಕ ಅವರಿಗೆ ನೆರವಾದನು. ಅಲ್ಲಿನವರೇ ಆದ ರಿಚರ್ಡ್ ಹಿಲ್ ಎಂಬ ವಿದ್ವಾಂಸರ ಹೆಸರನ್ನು ಗಾಸ್ ತಮ್ಮ ಪಕ್ಷಿಗ್ರಂಥದ ಮುಖಪುಟದಲ್ಲೇ ಅಚ್ಚು ಹಾಕಿಸಿದರು. ನೆರವಾದ ಸ್ಥಳೀಯರ ಹೆಸರನ್ನು ನುಂಗಿಹಾಕುವುದು ಸಾಮಾನ್ಯವಾಗಿದ್ದ ಆ ಕಾಲದಲ್ಲಿ ಇದು ದೊಡ್ಡ ಗುಣವೆಂದು ನಮಗೆ ತೋರುತ್ತದೆ. 1848ರಲ್ಲಿ ಎಮಿಲಿ ಅವರೊಡನೆ ವಿವಾಹವಾಯಿತು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದ ದಿನ, ಆ ಸುದ್ದಿಯ ಜೊತೆಗೇ ಜಮೈಕಾದಿಂದ ಬಂದ ಹಸಿರು ಪಕ್ಷಿಯೊಂದರ ಸುದ್ದಿಯನ್ನೂ ಅವರು ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದರು!

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟಾಗ, 1852ರಲ್ಲಿ ಅವರು ಸಂಸಾರ ಸಮೇತ ಡೆವನ್ ಕರಾವಳಿಗೆ ಹೋದರು. ಅಲ್ಲಿ ಇಲ್ಫ್ರಾಕೂಂಬ್ ಎಂಬ ಊರಿನ ದಡದ ಬಂಡೆಗಳೆಲ್ಲ ಸ್ಲೇಟೇ. ಕಡಲು ಹಿಂದೆ ಸರಿದಾಗ ಆ ಬಂಡೆಗಳ ಸಂದುಗಳಲ್ಲಿ ಉಳಿಯುವ ನೀರಿನ ಹೊಂಡಗಳಲ್ಲಿ ಬಣ್ಣಬಣ್ಣದ ಜೀವಿಗಳು ತುಂಬಿದ್ದವು. ಗಾಸ್ ಅವುಗಳನ್ನು ಜಾಡಿಗಳಲ್ಲಿ ಮನೆಗೆ ತಂದರು. ಆದರೆ ಅವು ಬದುಕಬೇಕಲ್ಲ? ನೀರಿನ ಗಿಡವೂ ಪ್ರಾಣಿಯೂ ಒಂದೇ ತೊಟ್ಟಿಯಲ್ಲಿದ್ದರೆ, ಗಿಡ ಬಿಡುವ ಆಮ್ಲಜನಕದಿಂದ ಪ್ರಾಣಿ ಉಳಿಯುತ್ತದೆ ಎಂಬುದನ್ನು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು 1850ರ ಹೊತ್ತಿಗೆ ಸಿಹಿನೀರಿನಲ್ಲಿ ತೋರಿಸಿದ್ದರು. ಅವರ ತೊಟ್ಟಿಯಲ್ಲಿ ಚಿನ್ನದ ಮೀನು, ನೀರುಗಿಡ, ಬಸವನಹುಳು, ಮೀನಿಗೆ ಮರೆಯಾಗಲೆಂದು ಜೋಡಿಸಿದ ಕಲ್ಲುಗಳು ಇದ್ದವು. ಇದಕ್ಕೂ ಮೊದಲು, 1829ರಲ್ಲಿ, ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಅವರು ಮುಚ್ಚಿದ ಬಾಟಲಿಯೊಳಗೆ ಜರೀಗಿಡ ತಾನಾಗಿ ಬೆಳೆದುದನ್ನು ಕಂಡಿದ್ದರು. ಟೆರೇರಿಯಂ ಹುಟ್ಟಿದ್ದು ಅಲ್ಲಿಂದ. 1833ರಲ್ಲಿ ವಾರ್ಡ್ ಅವರ ಗಾಜಿನ ಪೆಟ್ಟಿಗೆಗಳು ಜೀವಂತ ಗಿಡಗಳನ್ನು ಹೊತ್ತು ಹಡಗಿನಲ್ಲಿ ನಮ್ಮ ಆಸ್ಟ್ರೇಲಿಯಾಕ್ಕೇ ಹೊರಟವು.

ಗಾಸ್ ಅವರು ಕಡಲ ನೀರಿನಲ್ಲೂ ಈ ಸಮತೋಲನ ಸಾಧ್ಯವೆಂದು ತೋರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ಜಗತ್ತಿನ ಮೊದಲ ಸಾರ್ವಜನಿಕ ಮತ್ಸ್ಯಾಲಯಕ್ಕೆ ಜೀವಿಗಳನ್ನು ಒದಗಿಸಿಕೊಟ್ಟರು. 1854ರಲ್ಲಿ ತಾವೇ ಬಿಡಿಸಿದ ವರ್ಣಚಿತ್ರಗಳೊಡನೆ ಅಕ್ವೇರಿಯಂ ಕುರಿತ ಪುಸ್ತಕ ಹೊರತಂದರು. ಈ ಪದ ಇಂದಿನ ಅರ್ಥದಲ್ಲಿ ಜನರ ಬಾಯಿಗೆ ಬಂದದ್ದು ಆ ಪುಸ್ತಕದಿಂದಲೇ. ಕಡಲಿನಿಂದ ದೂರವಿರುವವರಿಗಾಗಿ, ನಾಲ್ಕು ಬಗೆಯ ಲವಣಗಳನ್ನು ನೀರಿಗೆ ಬೆರೆಸಿ ಕಡಲ ನೀರು ಮಾಡುವ ಕ್ರಮವನ್ನೂ ಪ್ರಕಟಿಸಿದರು. ಆಗಿನ ತೊಟ್ಟಿಗಳ ತಳಕ್ಕೆ ಸ್ಲೇಟಿನ ಚಪ್ಪಡಿ, ಸುತ್ತ ಗಾಜು. ಸ್ಲೇಟು ನೀರಿನಲ್ಲಿ ಕರಗುವುದಿಲ್ಲ, ನೀರಿನ ಗುಣವನ್ನು ಕೆಡಿಸುವುದಿಲ್ಲ, ಭಾರವನ್ನೂ ತಡೆಯುತ್ತದೆ.

ಇಂದು ತೊಟ್ಟಿಯನ್ನು ಅಲಂಕರಿಸುವವರಿಗೂ ಈ ಮಾತು ಅನ್ವಯಿಸುತ್ತದೆ. ಅಡಿಲೇಡಿನ ಮಕ್ಕಳಿಗೆ ಸ್ಲೇಟು ಸ್ವಂತ ನೆಲದ ಕಲ್ಲು. ದಕ್ಷಿಣಕ್ಕೆ ವಿಲ್ಲುಂಗಾದಲ್ಲಿ 1840ರ ದಶಕದಿಂದ, ಉತ್ತರಕ್ಕೆ ಮಿಂಟಾರೋದಲ್ಲಿ 1850ರ ದಶಕದಿಂದ ಅದನ್ನು ತೆಗೆಯತೊಡಗಿದರು. ಪರ್ತ್‌ನವರು ಮಾತ್ರ ಎಚ್ಚರವಾಗಿರಬೇಕು. ಅಲ್ಲಿ ಕಾಂಪೌಂಡು ಗೋಡೆಗಳಿಗೆ ಬಳಸುವುದು ಹೆಚ್ಚಾಗಿ ಸುಣ್ಣಕಲ್ಲು. ಅದನ್ನು ತೊಟ್ಟಿಗಿಟ್ಟರೆ ನೀರು ಗಡುಸಾಗುತ್ತದೆ. ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ. ಲೋಹದಂತೆ ಮಿನುಗುವ ಅಥವಾ ತುಕ್ಕಿನ ಕಲೆಯಿರುವ ತುಂಡುಗಳು ಬೇಡ. ಚೂಪಾದ ಅಂಚನ್ನು ಉಜ್ಜಿ ಮೊಂಡು ಮಾಡಿ, ಸೋಪು ಹಾಕದೆ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಒಲೆಯ ಮೇಲಿಟ್ಟು ಕುದಿಸಬೇಡಿ, ಒಳಗಿನ ತೇವಕ್ಕೆ ಕಲ್ಲು ಸಿಡಿಯಬಹುದು. ಮರಳು ಹಾಕುವ ಮೊದಲೇ ದೊಡ್ಡ ಕಲ್ಲನ್ನು ತಳದಲ್ಲಿ ಭದ್ರವಾಗಿ ಕೂರಿಸಿದರೆ, ಮೀನು ಮರಳು ಕೆದಕಿದರೂ ಅದು ಉರುಳುವುದಿಲ್ಲ. ಟೆರೇರಿಯಂನಲ್ಲಿ ತುಂಡುಗಳನ್ನು ಓರೆಯಾಗಿ ನೆಟ್ಟರೆ ಮಣ್ಣು ಜಾರದೆ ನಿಲ್ಲುತ್ತದೆ, ಸಂದಿನಲ್ಲಿ ಪಾಚಿ ಹಬ್ಬುತ್ತದೆ.

ಮತ್ತೆ ಗಾಸ್ ಅವರ ಕಥೆಗೆ ಬರೋಣ. 1857ರ ಫೆಬ್ರುವರಿಯಲ್ಲಿ ಎಮಿಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಎಡ್ಮಂಡನಿಗೆ ಆಗ 7 ವರ್ಷ. ಅದೇ ವರ್ಷ ಗಾಸ್ ಅವರು ಕಲ್ಲುಗಳ ವಯಸ್ಸಿನ ಬಗ್ಗೆ ಒಂದು ಪುಸ್ತಕ ಬರೆದರು. ಬೈಬಲ್ಲಿನ ಸೃಷ್ಟಿಕಥೆಯನ್ನು ಅವರು ಅಕ್ಷರಶಃ ನಂಬಿದ್ದರು. ದೇವರು ಭೂಮಿಯನ್ನು ಸೃಷ್ಟಿಸುವಾಗಲೇ ಅದರಲ್ಲಿ ಹಳೆಯದಾದಂತೆ ಕಾಣುವ ಪದರಗಳನ್ನೂ ಪಳೆಯುಳಿಕೆಗಳನ್ನೂ ಇಟ್ಟಿದ್ದನೆಂಬುದು ಅವರ ವಾದ. ವಿಜ್ಞಾನಿಗಳು ಒಪ್ಪಲಿಲ್ಲ, ಧರ್ಮನಿಷ್ಠರೂ ಒಪ್ಪಲಿಲ್ಲ. ಗೆಳೆಯರಾದ ಚಾರ್ಲ್ಸ್ ಕಿಂಗ್ಸ್‌ಲಿ ಕೂಡ ಕೈಬಿಟ್ಟರು. ಇಲ್ಫ್ರಾಕೂಂಬಿನ ಸ್ಲೇಟು ಸುಮಾರು 38 ಕೋಟಿ ವರ್ಷ ಹಳೆಯದೆಂದು ಇಂದು ತಿಳಿದಿದೆ. ಆ ಕಲ್ಲಿನ ಮೇಲಿನ ಜೀವಿಗಳನ್ನು ಅಷ್ಟು ನಿಖರವಾಗಿ ನೋಡಿದ ಕಣ್ಣಿಗೆ ಕಲ್ಲು ಹೇಳುವ ಕಾಲ ಕಾಣದೆಹೋಯಿತು. ಆದರೂ ಅವರು ಅಪ್ರಾಮಾಣಿಕರಾಗಿರಲಿಲ್ಲ. ನಂಬಿಕೆ ಮತ್ತು ವಿಜ್ಞಾನ ಎರಡನ್ನೂ ಬಿಡಲಾರದೆ ಅವರು ತೊಳಲಾಡಿದರು.

ಇದಕ್ಕಿಂತ ದೊಡ್ಡ ನೋವು ಮುಂದೆ ಕಾದಿತ್ತು. ಅವರ ಪುಸ್ತಕಗಳನ್ನು ಓದಿದ ಜನ ರೈಲು ಹತ್ತಿ ಕಡಲತೀರಕ್ಕೆ ಧಾವಿಸಿದರು. ಸುತ್ತಿಗೆ, ಉಳಿ, ಜಾಡಿ ಹಿಡಿದು ಬಂಡೆಗಳನ್ನು ಒಡೆದು, ಸಿಕ್ಕಿದ್ದನ್ನೆಲ್ಲ ಹೊತ್ತೊಯ್ದರು. ಮನೆಗೆ ತಂದವುಗಳಲ್ಲಿ ಬಹುಪಾಲು ಸತ್ತವು. ಗಾಸ್ ಮಗನ ಕೈಹಿಡಿದು ಬಗ್ಗಿ ನೋಡಿದ್ದ ಹೊಂಡಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಯಾರ ಪ್ರೀತಿ ಜನರಿಗೆ ಕಡಲನ್ನು ಪರಿಚಯಿಸಿತೋ ಅವರೇ ಈ ಹಾಳನ್ನು ನೋಡಿ ಕೊರಗಬೇಕಾಯಿತು. ಮಗ ಎಡ್ಮಂಡ್ 1907ರಲ್ಲಿ ತಂದೆಯ ಬಗ್ಗೆ ಬರೆದ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ದಾಖಲಿಸಿದ್ದಾರೆ.

ಪರ್ತ್‌ನ ಕಾಟೆಸ್ಲೋ ಬಂಡೆಸಾಲು, ಬ್ರಿಸ್ಬೇನ್ ಪಕ್ಕದ ಮೋರ್ಟನ್ ಕೊಲ್ಲಿ ಇಂದು ಸಂರಕ್ಷಿತ ಪ್ರದೇಶಗಳಾಗಿರುವುದರ ಹಿಂದೆ ಇಂಥ ಅನುಭವಗಳಿವೆ. ತೊಟ್ಟಿಗೆ ಬೇಕಾದ ಕಲ್ಲನ್ನು ತೋಟದ ಸಾಮಾನಿನ ಅಂಗಡಿಯಲ್ಲಿ ಕೊಳ್ಳುವುದೇ ಸರಿ. ತೊಟ್ಟಿ ಸಾಕೆನಿಸಿದಾಗ ಮೀನು, ಗಿಡಗಳನ್ನು ಹೊಳೆಗೆ ಸುರಿಯುವುದೂ ಅಪರಾಧ. ಕ್ವೀನ್ಸ್‌ಲ್ಯಾಂಡಿನ ಕೆರೆ ತೊರೆಗಳನ್ನು ಕಾಡುತ್ತಿರುವ ಕಬೋಂಬಾ ಮೂಲತಃ ಅಕ್ವೇರಿಯಂ ಗಿಡ.

1860ರಲ್ಲಿ ಗಾಸ್ ಅವರು ಎಲೈಜಾ ಎಂಬುವರನ್ನು ಮದುವೆಯಾದರು. ಮುಂದೆ ಗಾಜಿನ ಮನೆಯಲ್ಲಿ ಆರ್ಕಿಡ್ ಬೆಳೆಸಿದರು, ಒಂದು ಹನಿ ನೀರಿನಲ್ಲಿರುವ ಸೂಕ್ಷ್ಮಜೀವಿಗಳ ಬಗ್ಗೆ ಇನ್ನೊಬ್ಬರ ಜೊತೆ ಸೇರಿ ದೊಡ್ಡ ಗ್ರಂಥ ರಚಿಸಿದರು. ಮುಪ್ಪಿನಲ್ಲಿ ದೂರದರ್ಶಕ ಹಿಡಿದು ನಕ್ಷತ್ರ ನೋಡುವ ಹುಚ್ಚು ಹತ್ತಿತು. ಚಳಿಗಾಲದ ರಾತ್ರಿಗಳಲ್ಲಿ ತೆರೆದ ಕಿಟಕಿಯ ಬಳಿ ನಿಂತು ನೋಡುತ್ತಾ ಶೀತ ಹಿಡಿದು ಹಾಸಿಗೆ ಹಿಡಿದರು. 1888ರ ಆಗಸ್ಟ್ 23ರಂದು, ಡೆವನ್ ಕರಾವಳಿಯ ಟಾರ್ಕೀ ಬಳಿಯ ಸೇಂಟ್ ಮೇರಿಚರ್ಚ್‌ನ ತಮ್ಮ ಮನೆಯಲ್ಲಿ, 78ನೇ ವಯಸ್ಸಿನಲ್ಲಿ ನಿಧನರಾದರು.