ಛಲ ಬಿಡದ ಸಿಕೋರ್ಸ್ಕಿ

2019ರ ಆಗಸ್ಟಿನ ಮಹಾಪೂರದಲ್ಲಿ ಪಂಚಗಂಗೆಯ ದಂಡೆಯ ನಾವು ಹೆಲಿಕಾಪ್ಟರುಗಳ ಸಹಾಯವನ್ನು ಕಂಡೆವು. ಈ ಯಂತ್ರವನ್ನು ಬಳಕೆಗೆ ತಂದವರಲ್ಲಿ ಪ್ರಮುಖರು ಇಗೋರ್ ಸಿಕೋರ್ಸ್ಕಿ.

ಇವರು 1889ರಲ್ಲಿ ಕೀವ್ ನಗರದಲ್ಲಿ ಜನಿಸಿದರು. ತಾರುಣ್ಯದಲ್ಲಿ ಕಟ್ಟಿದ ಎರಡು ಹೆಲಿಕಾಪ್ಟರುಗಳೂ ಮನುಷ್ಯನನ್ನು ಹೊತ್ತು ಏಳಲಿಲ್ಲ. ಕ್ರಾಂತಿಯ ಕಾಲದಲ್ಲಿ ತಾಯ್ನಾಡು ತೊರೆದು, 1919ರಲ್ಲಿ ಅಮೇರಿಕೆ ಸೇರಿ, ಪಾಠ ಹೇಳಿ ಹೊಟ್ಟೆ ಹೊರೆದರು. ಹಳೆಯ ಕನಸನ್ನು ಮಾತ್ರ ಬಿಡಲಿಲ್ಲ. 1939ರಲ್ಲಿ ಅವರ ಹೊಸ ಯಂತ್ರ ಅವರನ್ನೇ ಹೊತ್ತು ಮೇಲೆದ್ದಿತು!

1943ರಲ್ಲಿ ಅವರ ಹೆಲಿಕಾಪ್ಟರು ತೈಲದ ಹಡಗೊಂದರ ಮೇಲೆ ಇಳಿಯಿತು. 1945ರಲ್ಲಿ ಬಿರುಗಾಳಿಗೆ ಸಿಕ್ಕ ತೈಲದೋಣಿಯಿಂದ ಇಬ್ಬರನ್ನು ಮೇಲೆತ್ತಿ ಕಾಪಾಡಿತು. 1972ರಲ್ಲಿ ಅವರು ನಿಧನರಾದರು.

ನಮ್ಮ ನೌಕಾಪಡೆಯ ಸರಬರಾಜು ಹಡಗುಗಳಾದ ದೀಪಕ್, ಶಕ್ತಿಗಳ ಮೇಲೂ ಇಂದು ಹೆಲಿಕಾಪ್ಟರು ಇಳಿಯುತ್ತದೆ. ನಡುಗಡಲಲ್ಲಿ ಹಡಗಿನಿಂದ ಹಡಗಿಗೆ ಸಾಮಾನು ಮುಟ್ಟಿಸುತ್ತದೆ. ಒಮ್ಮೆ ಸೋತರೆ ಕೈಚೆಲ್ಲದ ಗುಣವನ್ನು ನಾವು ಇವರಿಂದ ಕಲಿಯೋಣ.