ಸೈನಿಕರಿಗೆ ಬ್ರೈಲ್ ತಂದ ಸೈನಿಕ

ಸರ್ ಕ್ಲೂತಾ ಮೆಕೆಂಜಿ ನ್ಯೂಜಿಲೆಂಡಿನವರು, ಹುಟ್ಟಿದ್ದು 1895ರಲ್ಲಿ. 1915ರ ಆಗಸ್ಟ್‌ನಲ್ಲಿ ಗ್ಯಾಲಿಪೊಲಿಯ ಕದನದಲ್ಲಿ ಎರಡೂ ಕಣ್ಣು ಹೋದವು. ಆಗ ವಯಸ್ಸು ಬರೀ 20. ತಂದೆ ದೇಶದ ಪ್ರಧಾನಿಯಾಗಿದ್ದವರು, ಕೂತು ಉಣ್ಣಲು ಕೊರತೆಯಿರಲಿಲ್ಲ. ಆದರೆ ಅವರು ಕೂರಲಿಲ್ಲ. ಲಂಡನ್ನಿನ ಸೇಂಟ್ ಡನ್‌ಸ್ಟನ್ಸ್‌ನಲ್ಲಿ ಬ್ರೈಲ್ ಕಲಿತು, ಸೈನಿಕರ ಪತ್ರಿಕೆಯೊಂದರ ಸಂಪಾದಕರಾದರು. ಊರಿಗೆ ಮರಳಿ ಸಂಸತ್ ಸದಸ್ಯರಾದರು, ಅಂಧರ ಸಂಸ್ಥೆಯನ್ನು ನಡೆಸಿದರು.

ಎರಡನೇ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಒಂದು ಹಾಸ್ಟೆಲ್ ಶುರುವಾಯಿತು. ಅದರ ಹೊಣೆ ಹೊತ್ತವರು ಮೆಕೆಂಜಿ. ಪಿಂಚಣಿ ಕೊಟ್ಟು ಹಳ್ಳಿಗೆ ಕಳಿಸಿದ್ದರೆ ಆ ಹುಡುಗರು ಮನೆಯ ಮೂಲೆ ಸೇರುತ್ತಿದ್ದರು. ಇಲ್ಲಿ ಓದು, ಕೈಕೆಲಸ ಕಲಿತರು. ಹಾಸ್ಟೆಲ್ ನಡೆಸುವವರಿಗೇ ಕಣ್ಣಿಲ್ಲ ಎನ್ನುವುದಕ್ಕಿಂತ ದೊಡ್ಡ ಧೈರ್ಯ ಅವರಿಗೆ ಬೇರೇನು ಬೇಕಿತ್ತು?

ತೊಡಕಿದ್ದದ್ದು ಬ್ರೈಲ್‌ನಲ್ಲೇ. ಆಗ ದೇಶದಲ್ಲಿ ಒಂದಲ್ಲ, ಹಲವು ಬ್ರೈಲ್‌ಗಳು. ಒಂದನ್ನು ಕಲಿತವರಿಗೆ ಇನ್ನೊಂದು ಓದಲು ಬಾರದು. ಯೂನಿಕೋಡ್‌ಗೆ ಮುಂಚೆ ಕನ್ನಡ ಫಾಂಟ್‌ಗಳ ಜೊತೆ ಒದ್ದಾಡಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ! ಯುನೆಸ್ಕೋ ಪರವಾಗಿ ಮೆಕೆಂಜಿ ಇದಕ್ಕೆ ದುಡಿದರು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ನೆಲೆಯ ಭಾರತಿ ಬ್ರೈಲ್‌ಗೆ ಒಪ್ಪಿಗೆ ಸಿಕ್ಕಿತು. ಹಾಗಾಗಿಯೇ ನಮ್ಮ ಹೈದರಾಬಾದಿನ ಕನ್ನಡ, ತೆಲುಗು, ಉರ್ದು ಮೂರರ ‘ಕ’ಕ್ಕೂ ಬೆರಳಿಗೆ ತಾಗುವುದು ಅದೇ ಎರಡು ಚುಕ್ಕಿ.

ಮೆಕೆಂಜಿ 1966ರಲ್ಲಿ ತೀರಿಕೊಂಡರು. ಆ ಹಾಸ್ಟೆಲ್ಲೇ ಬೆಳೆದು ಇಂದು ದೃಷ್ಟಿ ವಿಕಲಚೇತನರ ರಾಷ್ಟ್ರೀಯ ಸಂಸ್ಥೆಯಾಗಿದೆ. ಅದರ ಪ್ರಾದೇಶಿಕ ಕೇಂದ್ರ ನಮ್ಮ ಸಿಕಂದರಾಬಾದಿನಲ್ಲೇ ಇದೆ.