ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರ್

ಪ್ಲ್ಯಾಟ್ ರೋಜರ್ಸ್ ಸ್ಪೆನ್ಸರ್ (೭ ನವೆಂಬರ್ ೧೮೦೦ – ೧೬ ಮೇ ೧೮೬೪) ಅಮೆರಿಕದ ಬರವಣಿಗೆ ಶಿಕ್ಷಕರು. ಚೂಪು ಮೊನೆಯ ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಬರೆಯುವ 'ಸ್ಪೆನ್ಸರಿಯನ್' ಎಂಬ ಇಂಗ್ಲಿಷ್ ಕೂಡುಬರಹವನ್ನು ರೂಪಿಸಿದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಶಾಲೆಗಳಲ್ಲಿಯೂ ವ್ಯಾಪಾರದ ಪತ್ರವ್ಯವಹಾರದಲ್ಲಿಯೂ ಈ ಶೈಲಿಯೇ ಪ್ರಧಾನವಾಗಿತ್ತು.

ಬಾಲ್ಯ

ಸ್ಪೆನ್ಸರ್ ನ್ಯೂಯಾರ್ಕ್ ರಾಜ್ಯದ ಈಸ್ಟ್ ಫಿಶ್‌ಕಿಲ್‌ನಲ್ಲಿ ದೊಡ್ಡ ಸಂಸಾರದ ಕಿರಿಯ ಮಗನಾಗಿ ಜನಿಸಿದರು. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ೧೮೧೦ರಲ್ಲಿ ಕುಟುಂಬವು ಒಹಾಯೊ ರಾಜ್ಯದ ಆಶ್ಟಬ್ಯೂಲ ಕೌಂಟಿಗೆ ವಲಸೆ ಹೋಯಿತು. ಅದು ಕಾಡು ಕಡಿದು ಊರು ಕಟ್ಟುತ್ತಿದ್ದ ಸೀಮೆ. ಕಾಗದ ಅಲ್ಲಿ ದುರ್ಲಭ. ಅಕ್ಷರದ ಹುಚ್ಚು ಹತ್ತಿದ್ದ ಬಾಲಕ ಬರ್ಚ್ ಮರದ ತೊಗಟೆ, ಹಿಮ, ಈರಿ ಸರೋವರದ ದಡದ ಮರಳು, ಚಮ್ಮಾರನ ಅಂಗಡಿಯ ತೊಗಲಿನ ಚೂರುಗಳ ಮೇಲೆಲ್ಲ ಬರೆದು ಅಭ್ಯಾಸ ಮಾಡುತ್ತಿದ್ದ. ಹದಿಹರೆಯದಲ್ಲಿಯೇ ಇತರರಿಗೆ ಬರವಣಿಗೆ ಕಲಿಸಲಾರಂಭಿಸಿದ. ಬಡತನದ ಇಂತಹ ಪ್ರಸಂಗಗಳು ಮಹನೀಯರ ಚರಿತ್ರೆಗಳಲ್ಲಿ ಸಾಮಾನ್ಯವೇ. ಆದರೆ ಮರಳಿನ ಮೇಲೆ ಬರೆಯುವವನು ಬೆರಳನ್ನಷ್ಟೇ ಆಡಿಸಿದರೆ ಸಾಲದು, ತೋಳನ್ನು ಬೀಸಬೇಕು. ಮುಂದೆ ಸ್ಪೆನ್ಸರ್ ಪದ್ಧತಿಯಲ್ಲಿ ಮುಂಗೈಯ ಚಲನೆಗೆ ದೊರೆತ ಪ್ರಾಧಾನ್ಯದ ಬೇರು ಇಲ್ಲಿರಬಹುದು.

ಬರವಣಿಗೆಯ ಸ್ವರೂಪ

ಸರೋವರದ ಅಲೆಗಳು, ನೀರು ಸವೆಸಿದ ಬೆಣಚುಕಲ್ಲುಗಳು, ಬಳ್ಳಿಯ ಬಾಗು — ಇವುಗಳಲ್ಲಿ ಸ್ಪೆನ್ಸರ್ ತಮ್ಮ ಅಕ್ಷರಗಳ ಆಕಾರವನ್ನು ಕಂಡುಕೊಂಡರು. ಆದುದರಿಂದಲೇ ಈ ಶೈಲಿಗೆ ವೃತ್ತಕ್ಕಿಂತ ಅಂಡಾಕಾರವೇ ಆಧಾರ. ಅಕ್ಷರಗಳು ಬಲಕ್ಕೆ ವಾಲಿ ನಿಲ್ಲುತ್ತವೆ. ಅಡಿಗೆರೆಗೆ ಅವುಗಳ ಓರೆ ೫೨ ಡಿಗ್ರಿ, ಅಕ್ಷರಗಳನ್ನು ಬೆಸೆಯುವ ಗೆರೆಗಳದು ೩೦ ಡಿಗ್ರಿ.

ಚೂಪು ನಿಬ್ಬಿನ ನಡುವೆ ಒಂದು ಸೀಳಿರುತ್ತದೆ. ಕೆಳಗೆ ಎಳೆಯುವಾಗ ಒತ್ತಿದರೆ ಸೀಳು ಅಗಲಿಸಿ ಶಾಯಿ ಹೆಚ್ಚು ಹರಿದು ಗೆರೆ ದಪ್ಪವಾಗುತ್ತದೆ. ಒತ್ತಡ ಬಿಟ್ಟು ಮೇಲಕ್ಕೆ ಒಯ್ದರೆ ಕೂದಲೆಳೆಯಷ್ಟು ಸಣ್ಣದಾಗುತ್ತದೆ. ಇಂಗ್ಲೆಂಡಿನಿಂದ ಬಂದ ತಾಮ್ರಫಲಕ ಶೈಲಿಯಲ್ಲಿ ಕೆಳಗೆರೆಗಳನ್ನೆಲ್ಲ ದಪ್ಪವಾಗಿ ಬರೆಯಬೇಕಾಗಿದ್ದುದರಿಂದ ಕೈ ನಿಧಾನವಾಗುತ್ತಿತ್ತು. ಸ್ಪೆನ್ಸರ್ ಒತ್ತನ್ನು ಕೆಲವೇ ಗೆರೆಗಳಿಗೆ ಮೀಸಲಿಟ್ಟರು. ಬರಹ ಹಗುರವಾಯಿತು, ವೇಗವೂ ಬಂತು. ಹೆಬ್ಬಾತಿನ ಗರಿಯ ಸ್ಥಾನಕ್ಕೆ ಉಕ್ಕಿನ ನಿಬ್ಬು ಬರುತ್ತಿದ್ದ ಕಾಲವೂ ಅದೇ.

ವ್ಯಸನ ಮತ್ತು ಬಿಡುಗಡೆ

ಯೌವನದಲ್ಲಿ ಸ್ಪೆನ್ಸರ್ ಮದ್ಯವ್ಯಸನಕ್ಕೆ ಬಿದ್ದರು. ಕೈಯ ಸ್ಥಿರತೆಯನ್ನೇ ನಂಬಿ ಬದುಕುವವನಿಗೆ ಇದು ಎಂತಹ ಅಪಾಯವೆಂದು ಹೇಳಬೇಕಾಗಿಲ್ಲ. ೧೮೨೮ರಲ್ಲಿ ಪರ್ಸಿಸ್ ಡ್ಯೂಟಿ ಅವರನ್ನು ವಿವಾಹವಾದರು. ೧೮೩೨ರಲ್ಲಿ ಕುಡಿತವನ್ನು ಪೂರ್ಣವಾಗಿ ತ್ಯಜಿಸಿ, ಪಾನನಿರೋಧದ ಪ್ರಚಾರಕರಾದರು. ಗುಲಾಮಗಿರಿಯ ವಿರೋಧಿಗಳ ಸಾಲಿನಲ್ಲಿಯೂ ನಿಂತರು. ಕುಡುಕನೆಂದು ಹೆಸರು ಕೆಡಿಸಿಕೊಂಡಿದ್ದ ವ್ಯಕ್ತಿಯನ್ನು ಅದೇ ಕೌಂಟಿಯ ಜನ ಮುಂದೆ ಖಜಾಂಚಿಯ ಹುದ್ದೆಗೆ ಆರಿಸಿ, ಹನ್ನೆರಡು ವರ್ಷ ಉಳಿಸಿಕೊಂಡರು.

ಶಿಕ್ಷಕರಾಗಿ

ಒಹಾಯೊದ ಜಿನೀವಾದಲ್ಲಿ ತಮ್ಮ ಹೊಲದಲ್ಲಿದ್ದ ಮರದ ದಿಮ್ಮಿಗಳ ಮನೆಯೊಂದರಲ್ಲಿ ಸ್ಪೆನ್ಸರ್ ಪಾಠ ಹೇಳುತ್ತಿದ್ದರು. ಹೈರಮ್‌ನ ವಿದ್ಯಾಸಂಸ್ಥೆಯಲ್ಲಿಯೂ ಬೋಧಿಸಿದರು. ಅಲ್ಲಿನ ಮುಖ್ಯಸ್ಥರಾಗಿದ್ದು ಅನಂತರ ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಗಾರ್‌ಫೀಲ್ಡ್ ಇವರ ಅಭಿಮಾನಿ. ೧೮೪೮ರಲ್ಲಿ ವಿಕ್ಟರ್ ರೈಸ್ ಅವರೊಡನೆ ಬರವಣಿಗೆಯ ಮಾದರಿಗಳನ್ನು ಪ್ರಕಟಿಸಿದರು. ಕಾಪಿ ಪುಸ್ತಕಗಳು ಅನಂತರ ಬಂದವು. ಬ್ರಯಂಟ್ ಮತ್ತು ಸ್ಟ್ರಾಟನ್ ಎಂಬುವರು ಹಲವು ನಗರಗಳಲ್ಲಿ ತೆರೆದ ವಾಣಿಜ್ಯ ಕಾಲೇಜುಗಳು ಈ ಪದ್ಧತಿಯನ್ನು ದೇಶಕ್ಕೆಲ್ಲ ಹರಡಿದವು. ಗುಮಾಸ್ತನ ಕೆಲಸ ಬಯಸುವ ಯುವಕನಿಗೆ ಅಂದವಾದ ಕೈಬರಹವೇ ಅರ್ಹತೆಯಾಗಿದ್ದ ದಿನಗಳವು.

೧೮೬೨ರಲ್ಲಿ ಪತ್ನಿ ತೀರಿಕೊಂಡ ಮೇಲೆ ಸ್ಪೆನ್ಸರ್ ಕುಗ್ಗಿಹೋದರು. ಎರಡು ವರ್ಷಗಳ ನಂತರ ಜಿನೀವಾದಲ್ಲಿಯೇ ನಿಧನರಾದರು.

ಮರಣಾನಂತರ

ಮಕ್ಕಳು ತಂದೆಯ ಕೆಲಸವನ್ನು ಮುಂದುವರಿಸಿದರು. ಹೆನ್ರಿ ಸ್ಪೆನ್ಸರ್ ಸಿದ್ಧಪಡಿಸಿದ ಬೋಧನಾ ಕೈಪಿಡಿ ೧೮೬೬ರಲ್ಲಿ ಹೊರಬಂದಿತು. ಸುರುಳಿಗೆರೆಗಳಲ್ಲಿ ಹಕ್ಕಿ, ಹಂಸ, ಗರಿಗಳನ್ನು ಮೂಡಿಸುವ ಆಟದಂತಹ ಕಲೆಯನ್ನು ಇಂದು ಸ್ಪೆನ್ಸರ್ ಹೆಸರಿನೊಂದಿಗೆ ಜೋಡಿಸುವುದುಂಟು. ಅದರ ಶ್ರೇಷ್ಠ ಮಾದರಿಗಳನ್ನು ರಚಿಸಿದವರು ಅವರ ಮಗ ಲೈಮನ್. ೧೮೮೬ರಲ್ಲಿ ಫ್ರ್ಯಾಂಕ್ ರಾಬಿನ್‌ಸನ್ ಬರೆದ ಕೋಕಾ-ಕೋಲಾ ಲಾಂಛನವೂ ಈ ಶೈಲಿಯದು. ಅದು ಸ್ಪೆನ್ಸರ್ ಅವರದೇ ಕೈಬರಹವೆಂಬ ಭಾವನೆ ತಪ್ಪು. ಅವರು ತೀರಿ ಆಗಲೇ ಇಪ್ಪತ್ತೆರಡು ವರ್ಷಗಳಾಗಿದ್ದವು.

ಬೆರಳಚ್ಚು ಯಂತ್ರ ಕಚೇರಿಗಳಿಗೆ ಬಂದಂತೆ ಈ ಬರಹದ ಅಗತ್ಯ ತಗ್ಗಿತು. ಆಸ್ಟಿನ್ ಪಾಮರ್ ಅವರ ಒತ್ತಿಲ್ಲದ, ಸರಳವಾದ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲೆಗಳನ್ನು ಪ್ರವೇಶಿಸಿತು. ಈಗ ಸ್ಪೆನ್ಸರಿಯನ್ ಉಳಿದಿರುವುದು ಹವ್ಯಾಸಿಗಳ ಕೈಯಲ್ಲಿ. ನಿಬ್ಬು ಹಿಡಿದವರು ಅಕ್ಷರಕ್ಕೆ ಹೋಗುವ ಮುನ್ನ ಈಗಲೂ ಪುಟಗಟ್ಟಲೆ ಅಂಡಾಕಾರಗಳನ್ನು ಸುತ್ತುತ್ತಾರೆ.